ಬಣ್ಣಕ್ಕೆ ಒಗ್ಗುವ ಮರ

ನಿದ್ದೆ ಹತ್ತುವ ಹೊತ್ತಿನಲ್ಲಿ ನನಗೆ ಈಗಲೂ ಹಲಸೂರಿನ ಆ ಕೋಣೆಯ ಹಗ್ಗ ಕಾಣುತ್ತದೆ. ಕಿಟಕಿಯ ಸರಳಿನಿಂದ ಎದುರು ಬಾಗಿಲಿನ ಮೇಲಿನ ಗಾಳಿಕಿಂಡಿಯವರೆಗೆ ಎಳೆದು ಕಟ್ಟಿದ ನೀಲಿ ನೈಲಾನ್ ಹಗ್ಗ. ಅಪ್ಪ, ಅವ್ವ, ನಾನು, ಮೂವರ ಬಟ್ಟೆಯೂ ಅದರ ಮೇಲೆಯೇ. ಚಾಪೆಯ ಮೇಲೆ ಅಂಗಾತ ಮಲಗಿದರೆ ಅಪ್ಪನ ಪ್ಯಾಂಟಿನ ಕಾಲುಗಳು, ಅವ್ವನ ಸೀರೆಯ ಸೆರಗು, ನನ್ನ ಯೂನಿಫಾರಮ್ಮಿನ ಲಂಗ ಎಲ್ಲ ಫ್ಯಾನಿನ ಗಾಳಿಗೆ ನಿಧಾನವಾಗಿ ಓಲಾಡುತ್ತಿದ್ದವು. ನಾನು ಯಾವುದೋ ಕೆರೆಯ ತಳದಲ್ಲಿ ಮಲಗಿ ಮೇಲಕ್ಕೆ ನೋಡುತ್ತಿದ್ದೇನೆ ಅನ್ನಿಸುತ್ತಿತ್ತು. ವಠಾರದ ಓನರಮ್ಮ ಒಳ್ಳೆಯ ಹೆಂಗಸೇ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವ್ವನ ಯೋಗಕ್ಷೇಮ ವಿಚಾರಿಸುತ್ತಿದ್ದಳು, ಹಬ್ಬಕ್ಕೆ ಪಾಯಸ ಕೊಟ್ಟು ಕಳಿಸುತ್ತಿದ್ದಳು. ಗೋಡೆಯ ಮಾತು ಬಂದರೆ ಮಾತ್ರ ಚಂಡಿಯಾಗುತ್ತಿದ್ದಳು. ಒಂದು ಮೊಳೆ ಹೊಡೆಯುವ ಹಾಗಿಲ್ಲ, ಕ್ಯಾಲೆಂಡರಿಗೂ ಇಲ್ಲ. ಹೀಗಾಗಿ ನಮ್ಮ ದೇವರು ಸ್ಟೂಲಿನ ಮೇಲೆ, ಪಾತ್ರೆಗಳು ಮಂಚದ ಕೆಳಗೆ, ನನ್ನ ಪುಸ್ತಕಗಳು ಗೋಣಿಚೀಲದಲ್ಲಿ ವಾಸವಾಗಿದ್ದವು. ಇದರಿಂದ ಅಪ್ಪನಿಗೆ ಒಂದಿಷ್ಟೂ ಬೇಜಾರಿರಲಿಲ್ಲ. ನಾವು ಕಲಬುರಗಿ ಕಡೆಯವರು, ದುಡಿಯಲಿಕ್ಕೆ ಬಂದವರು, ಹೋಗುವವರು, ಹೋಗುವವರಿಗೆ ಮೊಳೆ ಯಾಕೆ ಬೇಕು ಎಂಬುದು ಅಪ್ಪನ ಸಿದ್ಧಾಂತ.

ಈ 'ಹೋಗುವವರು' ಎಂಬ ಮಾತು ನನ್ನ ಬಾಲ್ಯದ ಎಲ್ಲ ಮೂಲೆಗಳಲ್ಲೂ ಕೂತಿತ್ತು. ಬೆಕ್ಕಿನ ಮರಿ ತಂದರೆ ಹೋಗುವವರಿಗೆ ಬೆಕ್ಕು ಯಾಕೆ, ಡಬ್ಬಿಯಲ್ಲಿ ತುಳಸಿ ನೆಟ್ಟರೆ ಹೋಗುವವರಿಗೆ ಗಿಡ ಯಾಕೆ. ಪ್ರತಿ ವರ್ಷ ಪರೀಕ್ಷೆ ಮುಗಿದ ದಿನ ಮನೆಗೆ ಬರುವಾಗ ವಠಾರದ ಬಾಗಿಲಲ್ಲೇ ನಿಂತು ಒಳಗೆ ಹಣಿಕಿ ನೋಡುತ್ತಿದ್ದೆ, ಇವತ್ತು ಅಪ್ಪ ಗಂಟು ಕಟ್ಟಿ ಕೂತಿರುತ್ತಾನೆ ಅಂತ. ಊರು ಅಂದರೆ ನನಗೆ ಬೇಸಿಗೆ ರಜೆಯ ಬಿಸಿಲು, ಅಜ್ಜಿಯ ಬಾಯಿಯ ಹೊಗೆಸೊಪ್ಪಿನ ವಾಸನೆ ಅಷ್ಟೇ. ಹುಟ್ಟಿದ್ದು ಇಲ್ಲಿ, ಜಗಳ ಕಲಿತದ್ದು ಇಲ್ಲಿ, ಬೈಗುಳ ಬರುತ್ತಿದ್ದದ್ದೂ ಇಲ್ಲಿಯ ಮೂರು ಭಾಷೆಗಳಲ್ಲಿ. ಆದರೂ ಶಾಲೆಯಲ್ಲಿ ಬಾಗಿಲ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದೆ. ಗೆಳತಿಯರ ಜೊತೆ ಅಷ್ಟಕ್ಕಷ್ಟೇ ಇರುತ್ತಿದ್ದೆ, ನಾಳೆ ಬಿಟ್ಟು ಹೋಗುವವಳು ಯಾಕೆ ಹಚ್ಚಿಕೊಳ್ಳಬೇಕು ಎಂದು. ಅದು ಭಯ ಅಂತ ಆಗ ನನಗೆ ಗೊತ್ತಿರಲಿಲ್ಲ. ಜಾಣತನ ಅಂದುಕೊಂಡಿದ್ದೆ.

ಅವ್ವ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಿದ್ದಳು. ಇಂದಿರಾನಗರದಲ್ಲಿ ಧಾರವಾಡ ಕಡೆಯ ಒಬ್ಬ ಅಜ್ಜಿ ಇದ್ದರು. ಅವರ ಮನೆಗೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಆ ಮನೆಯಲ್ಲಿ ನಾನು ಮೊದಲ ಸಲ ಗೋಡೆಯೊಳಗಿನ ಕಪಾಟು ಕಂಡೆ. ಹಾಲಿನ ಬಣ್ಣ ಬಳಿದ ಬಾಗಿಲುಗಳು. ಮುಚ್ಚಿದ್ದಾಗ ಗೋಡೆಯೇ, ತೆರೆದರೆ ಒಳಗೆ ಇನ್ನೊಂದು ಮನೆ. ಇಸ್ತ್ರಿ ಮಾಡಿದ ಚಾದರಗಳು, ಗಾಜಿನ ಲೋಟಗಳು, ನುಸಿಗುಳಿಗೆಯ ತಣ್ಣನೆಯ ವಾಸನೆ. ಗೋಡೆಗೂ ಹೊಟ್ಟೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ. ಅಜ್ಜಿ ಡಬ್ಬಿ ತರಲು ಒಳಗೆ ಹೋದಾಗ ಅವ್ವ ಆ ಬಾಗಿಲಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಿರುತ್ತಿದ್ದಳು. ನಾನು ಅದರ ಒಳಗೆ ಮಲಗಿದ ಹಾಗೆ, ಯಾರೋ ಹೊರಗಿನಿಂದ ಮೆಲ್ಲಗೆ ಬಾಗಿಲು ಹಾಕಿದ ಹಾಗೆ, ನಾನು ಎಲ್ಲಿಗೂ ಹೋಗಬೇಕಿಲ್ಲದ ಹಾಗೆ ಎಷ್ಟೋ ಸಲ ಕನಸು ಕಂಡಿದ್ದೇನೆ.

ಅವ್ವನ ಆಸೆ ಮಾತ್ರ ಅಷ್ಟು ದೊಡ್ಡದಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಮಾಡ. ನಮ್ಮ ಕಡೆಯ ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆಯಲ್ಲಿ ಅಲ್ಲಲ್ಲಿ ಪುಟ್ಟ ಗೂಡು ಬಿಟ್ಟಿರುತ್ತಾರಲ್ಲ, ಅದಕ್ಕೆ ಮಾಡ ಅನ್ನುತ್ತಾರೆ. ದೀಪಕ್ಕೊಂದು ಮಾಡ, ಹಣಿಗೆಗೊಂದು ಮಾಡ, ಕುಂಕುಮದ ಭರಣಿಗೊಂದು. ಸಂಜೆ ದೀಪ ಹಚ್ಚಿ ಸ್ಟೂಲಿನ ಮೇಲಿಟ್ಟು, ನನ್ನ ಕಾಲು ತಾಗಿ ಎಲ್ಲಿ ಉರುಳೀತೋ ಎಂದು ಕಾಯುತ್ತ ಕೂರುವುದು ಅವಳಿಗೆ ಸಾಕಾಗಿ ಹೋಗಿತ್ತು.

ಅಪ್ಪ ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಪೇಂಟರ್. ದಿನವಿಡೀ ಕಬ್ಬಿಣದ ಪೆಟ್ಟಿಗೆಗಳಿಗೆ ಬೂದು ಬಣ್ಣ ಹೊಡೆಯುವ ಕೆಲಸ. ಜೊತೆಯವರೆಲ್ಲ ಹೊರಮಾವಿನಲ್ಲಿ ಸೈಟು ತಗೊಂಡಾಗ ಅವರ ಕಾಟಕ್ಕೆ ಇವನೂ ತಗೊಂಡ. ಮನೆ ಕಟ್ಟುವುದಕ್ಕೆ ಶುರು ಮಾಡಿದಾಗಲೂ ಅವನ ಮಾತು ಬದಲಾಗಲಿಲ್ಲ. ಇದು ಬಾಡಿಗೆಗೆ ಬಿಡಲಿಕ್ಕೆ, ನಾವೇನು ಇಲ್ಲೇ ಬೇರು ಬಿಡುತ್ತೇವಾ, ಅನ್ನುತ್ತಿದ್ದ. ಆಗ ಹೊರಮಾವು ಅಂದರೆ ಅರ್ಧ ಹಳ್ಳಿ. ರಾಗಿ ಹೊಲದ ನಡುವೆ ಒಂದೊಂದು ಇಟ್ಟಿಗೆ ಮನೆ, ನೀಲಗಿರಿ ತೋಪು, ನೀರಿನ ಟ್ಯಾಂಕರ್ ಬಂದರೆ ಏಳುವ ಕೆಂಪು ಧೂಳು. ಅಪ್ಪ ಡ್ಯೂಟಿಯಲ್ಲಿದ್ದ ಒಂದು ದಿನ ಅವ್ವ ನನ್ನನ್ನು ಕಟ್ಟಿಕೊಂಡು ಅಲ್ಲಿಗೆ ಹೋದಳು. ಗೋಡೆ ಮೊಣಕಾಲೆತ್ತರ ಎದ್ದಿತ್ತು. ಮೇಸ್ತ್ರಿ ಮುರುಗೇಶಣ್ಣ, ಕಮ್ಮನಹಳ್ಳಿಯವರು, ಗಾರೆ ಕಲಸಿಸುತ್ತ ನಿಂತಿದ್ದರು. ಅವ್ವ ಸೆರಗು ಹೊದ್ದು, ಮಲಗುವ ಕೋಣೆಯಾಗಬೇಕಿದ್ದ ಜಾಗದಲ್ಲಿ ನಿಂತು, ಎಷ್ಟೋ ವರ್ಷದ ಮಾತು ಹೇಳಿದಳು.

"ಈ ಗ್ವಾಡ್ಯಾಗ ಮಾಡ ಬೇಕ್ರಿ."

"ಮಾಡೋಣಮ್ಮ. ಈ ಗೋಡೇಲೇ ಮಾಡ್ಬೇಕಾ?"

"ಹೂನ್ರಿ, ಇದ್ರಾಗೇ."

"ಪೂರ್ತಿ ಮಾಡ್ಬೇಕಾ?"

"ಅರ್ಧಾ ಮಾಡ ತಗೊಂಡು ಏನ್ ಮಾಡ್ಲ್ರಿ? ಪೂರ್ತಿನೇ."

ಇಬ್ಬರೂ ತೃಪ್ತಿಯಿಂದ ತಲೆಯಾಡಿಸಿದರು. ಅವ್ವನಿಗೆ ಮಾಡ ಅಂದರೆ ಗೂಡು. ಮುರುಗೇಶಣ್ಣನ ಕಿವಿಗೆ ಬಿದ್ದದ್ದು ಮಾಡಬೇಕಾದ ಕೆಲಸ. ಮಲಗುವ ಕೋಣೆಯ ಗೋಡೆಯೊಳಗೆ ಜನ ಏನು ಮಾಡಿಸುತ್ತಾರೆ, ವಾರ್ಡ್‌ರೋಬ್ ತಾನೇ? ಹದಿನೈದು ದಿನ ಬಿಟ್ಟು ಭಾನುವಾರ ಮೂವರೂ ಹೋಗಿ ನೋಡಿದರೆ ಕೋಣೆಯ ಒಂದು ಇಡೀ ಗೋಡೆ ಹಿಂದಕ್ಕೆ ಸರಿದಿತ್ತು. ನೆಲದಿಂದ ಲಿಂಟಲ್‌ವರೆಗೆ ಬಾಯಿ ತೆರೆದ ಜಾಗ, ಅದರಲ್ಲಿ ಕಡಪ ಕಲ್ಲು ಕೂರಿಸಿ ಒಂದರ ಮೇಲೊಂದು ಅರೆಗಳಂತೆ ಮಾಡಿದ ಖಣಗಳು. ನಾನು ಓಡಿಹೋಗಿ ಕೆಳಗಿನ ಖಣದೊಳಗೆ ತೂರಿ ಕೂತೆ. ಹಸಿ ಸಿಮೆಂಟಿನ ವಾಸನೆ, ಕಲ್ಲಿನ ತಂಪು, ಅಲ್ಲಿಂದ ನೋಡಿದರೆ ಇಡೀ ಕೋಣೆ ಒಂದು ಚೌಕಟ್ಟಿನೊಳಗಿನ ಚಿತ್ರದ ಹಾಗೆ ಕಾಣುತ್ತಿತ್ತು. ಆ ಚಿತ್ರದಲ್ಲಿ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಏನಾಗಿದೆ ಎಂದು ಅವಳಿಗೆ ಅರ್ಥವಾಗಿತ್ತು. ತಪ್ಪಾಗಿದೆ ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಗೇಣುದ್ದದ ಗೂಡು ಕೇಳಿದವಳಿಗೆ ಇಡೀ ಗೋಡೆ ಸಿಕ್ಕಿತ್ತು. ಬೇಡ ಅನ್ನಲು ಅವಳಿಗೇನು ತಲೆ ಕೆಟ್ಟಿತ್ತೇ?

ತಲೆ ಕೆಟ್ಟದ್ದು ಅಪ್ಪನದು. ಅವನ ಮನಸ್ಸಿನಲ್ಲಿ ಬೇರೆ ಒಂದು ಕಪಾಟಿತ್ತು. ಸಾಗುವಾನಿಯದು, ನಾಲ್ಕು ಕಾಲಿನ ಮೇಲೆ ನಿಲ್ಲುವಂಥದ್ದು, ಹೊರಡುವ ದಿನ ಲಾರಿಗೆ ಏರಿಸಿ ಊರಿಗೆ ಒಯ್ಯುವಂಥದ್ದು. ಗೋಡೆಯಲ್ಲಿ ಹುಗಿದದ್ದನ್ನು ಲಾರಿಗೆ ಹೇಗೆ ಹಾಕುತ್ತೀ ಎಂದು ಅವ್ವನನ್ನು ಕೇಳಿದ. ಆ ವಾರವೆಲ್ಲ ನಮ್ಮ ಕೋಣೆಯಲ್ಲಿ ಜಗಳ ಪಿಸುಮಾತಿನಲ್ಲಿ ನಡೆಯಿತು, ಪಕ್ಕದ ಮನೆಯವರಿಗೆ ಸೀನಿದರೂ ಕೇಳುವ ವಠಾರ ಅದು. ಪಿಸುಮಾತು ಸಾಲದಾದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನ ಮೇಲೇ ಅವಳ ಸಿಟ್ಟಿನ ಅಂದಾಜು ನನಗೆ ಸಿಗುತ್ತಿತ್ತು. ಕಡೆಗೆ ಅಪ್ಪ ಒಂದು ಮೆಟ್ಟಿಲು ಇಳಿದ. ಆಯಿತು, ಕಡಪ ಕಲ್ಲು ತೆಗೆಸಿ ಆ ಜಾಗಕ್ಕೆ ಸಾಗುವಾನಿಯದೇ ಪೆಟ್ಟಿಗೆ ಮಾಡಿಸಿ ಕೂರಿಸೋಣ, ಬೋಲ್ಟು ಹಾಕಿಸೋಣ, ಹೋಗುವಾಗ ಬಿಚ್ಚಿಕೊಂಡು ಹೋಗೋಣ. ಬಣ್ಣ ಮಾತ್ರ ಬೇಡ, ಬರೀ ಪಾಲಿಶ್. ದಿನವಿಡೀ ಬಣ್ಣ ಮೂಸಿ ಬರುವವನಿಗೆ ಮನೆಯಲ್ಲಾದರೂ ಕಟ್ಟಿಗೆ ಕಟ್ಟಿಗೆಯಂತೆ ಕಾಣಲಿ. ಕೇಳಿದರೆ ನ್ಯಾಯವೇ ಅನ್ನಿಸುತ್ತಿತ್ತು. ಅವ್ವನಿಗೆ ಮಾತ್ರ ಬಣ್ಣವೇ ಬೇಕು. ಮದುವೆಯಾದಾಗಿನಿಂದ ಯಾರದೋ ಸುಣ್ಣ, ಯಾರದೋ ಡಿಸ್ಟೆಂಪರ್ ನೋಡುತ್ತ ಬದುಕಿದ್ದೇನೆ, ನನ್ನ ಮನೆಗೆ ನನಗೆ ಬೇಕಾದ ಬಣ್ಣ, ಎಂದಳು. ಆ ಬಣ್ಣದ ಹಿಂದೆ ಇನ್ನೊಂದು ಮಾತಿತ್ತು. ಬೋಲ್ಟು ಹಾಕಿದ ಸಾಗುವಾನಿ ಅಂದರೆ ಹೋಗುವುದು, ಗೋಡೆಗೆ ಬಡಿದು ಬಣ್ಣ ಬಳಿದದ್ದು ಅಂದರೆ ಇರುವುದು. ನನ್ನ ತಲೆಗೆ ಎಣ್ಣೆ ಹಚ್ಚುತ್ತ ಒಂದು ಮಧ್ಯಾಹ್ನ ಅದನ್ನೂ ಬಿಚ್ಚಿ ಹೇಳಿಬಿಟ್ಟಳು.

"ನಿಮ್ಮಪ್ಪ ಹೋಗೋಣು ಅಂತಾರ. ನನಗೂ ಅದು ತವರ ಸೀಮಿನೇ, ಖರೇ. ಆದ್ರ ಅಲ್ಲಿ ನಮಗ ಯಾರು ಕಾಯ್ಕೋತ ಕುಂತಾರ? ನಾ ಇಲ್ಲೇ ಇರಾಕಿ ಕೂಸ."

ನಾನು ಅವಳ ಮೊಣಕಾಲಿಗೆ ತಲೆ ಒರಗಿಸಿ, ದೇವರೇ ಬಣ್ಣದ ಕಪಾಟೇ ಆಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮರ ಆರಿಸಲು ಟಿನ್ ಫ್ಯಾಕ್ಟರಿ ಹತ್ತಿರದ ಒಂದು ಸಾಮಿಲ್ಲಿಗೆ ಹೋದ ದಿನ ನನಗೆ ಇಡಿಯಾಗಿ ನೆನಪಿದೆ, ಅಥವಾ ಆಮೇಲೆ ಅಷ್ಟು ಸಲ ಕನಸಿನಲ್ಲಿ ನೋಡಿ ಇಡಿಯಾಗಿದೆ. ಹೊರಗೆ ತೂಗುಸೇತುವೆ ಕಟ್ಟುವ ಗಲಾಟೆ, ಬಸ್ಸುಗಳ ಹಾರ್ನು. ಒಳಗೆ ಕಾಲಿಟ್ಟರೆ ಕಾಲು ಹೊಟ್ಟಿನಲ್ಲಿ ಹುಗಿಯುತ್ತಿತ್ತು. ತಗಡಿನ ಚಾವಣಿಯ ತೂತುಗಳಿಂದ ಇಳಿದ ಬಿಸಿಲಿನಲ್ಲಿ ಮರದ ಪುಡಿ ತೇಲುತ್ತಿತ್ತು. ಗರಗಸ ಕೂಗುವಾಗ ಎಲ್ಲರ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು, ಅದು ನಿಂತಾಗ ಮಾತು ತುಂಡುತುಂಡಾಗಿ ಕಿವಿಗೆ ಬೀಳುತ್ತಿತ್ತು. ಒಂದೊಂದು ಮರಕ್ಕೆ ಒಂದೊಂದು ವಾಸನೆ. ನಾನು ಹಲಗೆಗಳ ನಡುವಿನ ಓಣಿಗಳಲ್ಲಿ ಮೂಗು ಮುಂದೆ ಮಾಡಿಕೊಂಡು ಅಲೆದೆ. ನಮ್ಮ ಜೊತೆ ಬಂದಿದ್ದ ಬಡಗಿ ಖಾದರ್ ಭಾಯಿ, ಶಿವಾಜಿನಗರದವರು, ಬಲು ಮಾತುಗಾರ. ಹೋದಲ್ಲೆಲ್ಲ ತಮಗೆ ಗೊತ್ತಿಲ್ಲದ ಮರವೇ ಇಲ್ಲ ಎಂಬ ಧಾಟಿ. ಅಪ್ಪನಿಗೆ ದಖ್ಖನಿ ಉರ್ದು ಚೆನ್ನಾಗಿ ಬರುತ್ತಿದ್ದುದರಿಂದ ಇಬ್ಬರೂ ಅದರಲ್ಲೇ ಕುದುರಿಕೊಂಡಿದ್ದರು. ಸಾಗುವಾನಿಯ ರಾಶಿಯ ಮುಂದೆ ನಿಂತು ಅಪ್ಪ ತಗ್ಗಿದ ದನಿಯಲ್ಲಿ, ಅವಳು ಮೊಳೆ ಅಂದರೂ ನೀನು ಬೋಲ್ಟೇ ಹಾಕು ಭಾಯಿ, ನಾಳೆ ಬಿಚ್ಚಿ ಒಯ್ಯುವುದಿದೆ, ಹೆಂಗಸರಿಗೆ ಇದೆಲ್ಲ ಹೇಳುವುದು ಬೇಡ ಎಂದು ದಖ್ಖನಿಯಲ್ಲಿ ಹೇಳಿದ. ಖಾದರ್ ಭಾಯಿ ಕಣ್ಣು ಮಿಟುಕಿಸಿದರು. ಸೇಡಂನ ಓಣಿಯಲ್ಲಿ ಮುಸಲ್ಮಾನರ ಮನೆಗಳ ನಡುವೆಯೇ ಆಡಿ ಬೆಳೆದ ಅವ್ವನಿಗೆ ಒಂದಕ್ಷರವೂ ತಪ್ಪಿರಲಿಲ್ಲ. ಹೆಂಡತಿಗೆ ದಖ್ಖನಿ ಬರುತ್ತದೆ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದ ಅಪ್ಪನಿಗೆ ಗೊತ್ತಿರಲಿಲ್ಲ ನೋಡಿ, ಗಂಡಸರ ಹಣೆಬರಹ ಇಷ್ಟೇ.

ಈಗ ರಂಪ ಆಗುತ್ತದೆ ಎಂದು ನಾನು ಹೆದರಿ ನಿಂತೆ. ಅವ್ವ ರಂಪ ಮಾಡಲಿಲ್ಲ. ಗರಗಸ ನಿಲ್ಲುವುದನ್ನೇ ಕಾದು, ಅಪ್ಪನ ಎದುರು ಬಂದು ಕೇಳಿದಳು.

"ನೀವು ಬಣ್ಣದ ಕೆಲಸದವ್ರು. ಬಣ್ಣಾ ಹಚ್ಚೋದಾದ್ರ ಇದ್ರಾಗ ಯಾವ ಕಟಗಿ ಚೊಲೊ? ಖರೇ ಹೇಳ್ರಿ."

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿತ್ತು, ಊರಿನಲ್ಲಿದ್ದ ದೊಡ್ಡಪ್ಪನಿಗೆ ಫೋನಿನಲ್ಲಿ ಎಷ್ಟೋ ಹೇಳಿದ್ದಾನೆ. ಬಣ್ಣದ ವಿಷಯದಲ್ಲಿ ಮಾತ್ರ ಅವನ ನಾಲಗೆ ಹೊರಳುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಹಲಗೆಗಳ ನಡುವೆ ನಡೆಯತೊಡಗಿದ, ನಾವು ಅವನ ಹಿಂದೆ. ಸಾಗುವಾನಿಯ ಮೇಲೆ ಹೆಬ್ಬೆರಳು ತಿಕ್ಕಿ ಮೂಸಿ ನೋಡಿ, ಇದರೊಳಗೆ ಎಣ್ಣೆ ಇದೆ, ಬಣ್ಣ ಗಟ್ಟಿಯಾಗಿ ಹಿಡಿಯುವುದಿಲ್ಲ, ಕೆಲವು ವರ್ಷಕ್ಕೆ ಉಬ್ಬಿ ಏಳುತ್ತದೆ ಎಂದ. ಖಾದರ್ ಭಾಯಿ ಅಗ್ಗದ್ದು ಎಂದು ಪೈನ್ ಹಲಗೆ ಎಳೆದು ತೋರಿಸಿದರೆ ಅದರ ಗಂಟುಗಳನ್ನು ಮುಟ್ಟಿ, ಈ ಗಂಟು ಸುಮ್ಮನಿರುವ ಜಾತಿಯಲ್ಲ, ಎಷ್ಟು ಕೋಟು ಹೊಡೆದರೂ ಇದರ ಅಂಟು ಹಳದಿ ಕಲೆಯಾಗಿ ಹಣಿಕಿ ಹಾಕುತ್ತದೆ ಎಂದ. ಬೇವು ಅವ್ವನಿಗೆ ಇಷ್ಟವಿತ್ತು, ಹುಳ ಬರುವುದಿಲ್ಲ ಅಂತ. ಅದಿನ್ನೂ ಹಸಿಯಾಗಿತ್ತು, ಒಣಗುತ್ತ ತಿರುಚಿಕೊಂಡರೆ ಬಾಗಿಲು ಕೂರುವುದಿಲ್ಲ ಎಂದು ಬಿಟ್ಟ. ಹೊನ್ನೆ ಕೆಂಪು ಬಿಡುತ್ತದೆ ಎಂದು ಅದರ ಹತ್ತಿರವಂತೂ ನಿಲ್ಲಲೇ ಇಲ್ಲ. ಮಿಲ್ಲಿನ ಹಿಂಬದಿಯ ನೆರಳಿನಲ್ಲಿ, ಯಾರೂ ಮುತುವರ್ಜಿಯಿಂದ ಜೋಡಿಸದ ಒಂದು ಒಟ್ಟಿಲಿತ್ತು. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್. ನೋಡಲು ಏನೂ ಇಲ್ಲ, ಪೇಲವ, ಹೆಸರಿಗಷ್ಟೇ ಬೆಳ್ಳಿ. ಅಪ್ಪ ಒಂದು ಹಲಗೆ ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೇರ ನೋಡಿ, ಉಗುರಿನಿಂದ ಕೆರೆದು, ಬೇನೆ ಬಂದವನ ಮುಖ ಮಾಡಿಕೊಂಡು ಹೇಳಿದ.

"ಬಣ್ಣಕ್ಕಾದ್ರ ಇದೇ. ಒಣಗ್ಯದ, ಸುಮ್ನ ಕುಡೀತದ, ತಿರುಗಿ ಮಾತಾಡಂಗಿಲ್ಲ."

"ಹಂಗಾರ ಇದನ್ನೇ ಕೊಡಸ್ರಿ."

ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಅಪ್ಪ ಹಲಗೆಯನ್ನು ಕೆಳಗಿಟ್ಟು ಟೀ ಅಂಗಡಿಯ ಕಡೆ ಹೊರಟುಹೋದ. ಬೋಲ್ಟೋ ಮೊಳೆಯೋ ಎಂದು ಖಾದರ್ ಭಾಯಿ ತಲೆ ಕೆರೆದುಕೊಂಡಾಗ ಅವ್ವ ಸ್ವಚ್ಛ ದಖ್ಖನಿಯಲ್ಲಿ, ಮೊಳೆ ಹೊಡಿ ಭಾಯಿ, ಯಾವತ್ತೂ ಬಿಚ್ಚುವುದಿಲ್ಲ ಎಂದಳು. ಅವರ ಮುಖ ನೋಡುವ ಹಾಗಿತ್ತು.

ಅಪ್ಪ ಸಿಟ್ಟಾಗಲಿಲ್ಲ, ಮುನಿದ. ಅದು ಇನ್ನೂ ಕೆಟ್ಟದ್ದು. ಭಾನುವಾರಗಳಂದು ಹೊರಮಾವಿಗೆ ಬರುವುದನ್ನೇ ಬಿಟ್ಟ. ಚೌಕಟ್ಟು ಗೋಡೆಯೊಳಗೆ ಕೂತಿತು, ಬಾಗಿಲುಗಳು ಬಂದವು, ಖಾದರ್ ಭಾಯಿ ಕರೆತಂದ ಒಬ್ಬ ಪೇಂಟರ್ ಪುಟ್ಟಿ ಮೆತ್ತಿದ. ಏನೋ ಉಪಕಾರ ಮಾಡುವವನ ಹಾಗೆ ಒಂದು ಸಂಜೆ ಅಪ್ಪ ಡ್ಯೂಟಿ ಮುಗಿಸಿ ಆ ಕಡೆ ಬಂದ, ಕೈಯನ್ನು ಬಾಗಿಲಿನ ಮೇಲೆ ಒಮ್ಮೆ ಆಡಿಸಿದ. ಅಷ್ಟೇ. ಮಾರನೆಯ ದಿನದಿಂದ ಆ ಪೇಂಟರ್ ಬರಲಿಲ್ಲ, ಅಪ್ಪ ಬಂದ. ತನಗೆ ಬೇಡದ ಕಪಾಟೇ ಇರಬಹುದು, ಇಂಥ ಕೆಟ್ಟ ಪುಟ್ಟಿ ತನ್ನ ಮನೆಯಲ್ಲಿ ಇರುವುದು ಅವನಿಗೆ ಸಹಿಸಲಾಗಲಿಲ್ಲ. ಎಲ್ಲ ಕೆರೆದು ತೆಗೆದ. ಮತ್ತೆ ತೆಳ್ಳಗೆ ಎಳೆದ. ಮರಳು ಕಾಗದ ಹಿಡಿದು ತಿಕ್ಕುತ್ತ ಕೂತರೆ ಅವನಿಗೆ ಹೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ತಿಕ್ಕುತ್ತಿದ್ದೆ. ಕಣ್ಣು ಮುಚ್ಚಿ ಕೈ ಆಡಿಸು, ಕಣ್ಣು ಮೋಸ ಮಾಡುತ್ತದೆ, ಕೈ ಮಾಡುವುದಿಲ್ಲ ಎಂದು ಕಲಿಸಿದ. ಕಣ್ಣು ಮುಚ್ಚಿದರೆ ಅಂಗೈ ಕೆಳಗೆ ಮರ ಉದ್ದಕ್ಕೆ ಹೋಗುತ್ತಲೇ ಇರುತ್ತಿತ್ತು, ಹೊರಗೆ ಯಾರದೋ ಹೊಲದಲ್ಲಿ ಹಸು ಕೂಗುತ್ತಿತ್ತು. ಅಪ್ಪನ ಉಸಿರು, ಕಾಗದದ ಸರಸರ, ಪ್ರೈಮರಿನ ಘಾಟು ಎಲ್ಲ ಬೆರೆತು ನನಗೆ ಅಲ್ಲೇ ತೂಕಡಿಕೆ ಬರುತ್ತಿತ್ತು. ಅಷ್ಟು ಸುಖವಾದ ನಿದ್ದೆ ನಾನು ಆಮೇಲೆ ಮಾಡಿಲ್ಲ.

ಅವ್ವ ಕೇಳಿದ್ದು ನವಿಲಿನ ಬಣ್ಣ. ಅಂಗಡಿಯಲ್ಲಿ ಆ ಹೆಸರಿನ ಡಬ್ಬಿ ಇರಲಿಲ್ಲ. ಅಪ್ಪ ನೀಲಿಗೆ ಹಸಿರು ಬೆರೆಸಿ, ಮರದ ಚಕ್ಕೆಯ ಮೇಲೆ ಬಳಿದು ತೋರಿಸುತ್ತಿದ್ದ. ಅವ್ವ ದೂರ ನಿಂತು, ಹತ್ತಿರ ಬಂದು, ಬಿಸಿಲಿಗೆ ಹಿಡಿದು, ಅಲ್ಲ ಎನ್ನುತ್ತಿದ್ದಳು. ಅವನು ಗೊಣಗದೆ ಇನ್ನೊಂದು ಬೆರೆಸುತ್ತಿದ್ದ. ಅಷ್ಟು ವರ್ಷ ಕಾರ್ಖಾನೆಯಲ್ಲಿ ಬೂದು ಬಣ್ಣ ಹೊಡೆದವನಿಗೆ ಯಾರಾದರೂ ಇಂಥ ಬಣ್ಣ ಬೇಕು ಎಂದು ಕೇಳಿದ್ದು ಅದೇ ಮೊದಲು ಇರಬೇಕು. ಕಡೆಗೆ ಅವ್ವ ಹೂಂ ಅಂದ ಚಕ್ಕೆಯನ್ನು ನೋಡಿ ಅವನ ಮುಖ ಅರಳಿತು. ಮರುಕ್ಷಣವೇ ಗಂಭೀರನಾಗಿ, ಹೋಗುವ ತನಕ ಕಣ್ಣಿಗೆ ಚೆನ್ನಾಗಿ ಕಾಣಲಿ ಬಿಡು ಎಂದ.

ನಾವು ಆ ಮನೆಗೆ ಬಂದೆವು. ಬಾಡಿಗೆಗೆ ಬಿಡುವ ಮಾತು ಯಾರೂ ಎತ್ತಲಿಲ್ಲ. ಅವ್ವ ಒಂದು ಖಣದಲ್ಲಿ ದೀಪವಿಟ್ಟಳು, ಬೇರೆ ಖಣಗಳಲ್ಲಿ ಸೀರೆ, ಹಾಸಿಗೆ, ನನ್ನ ಪುಸ್ತಕ. ಇಡೀ ಕಪಾಟಿಗೆ ನಮ್ಮ ಮನೆಯಲ್ಲಿ 'ಮಾಡ' ಎಂದೇ ಹೆಸರಾಯಿತು. ಅಪ್ಪ ಮಾತ್ರ ತನ್ನ ಬಟ್ಟೆಗಳನ್ನು ಮಂಚದ ಕೆಳಗಿನ ಟ್ರಂಕಿನಲ್ಲೇ ಇಟ್ಟುಕೊಂಡ. ಬೆಳಿಗ್ಗೆ ಟ್ರಂಕು ಎಳೆದು, ಅಂಗಿ ತೆಗೆದು, ಮತ್ತೆ ಬೀಗ ಹಾಕಿ ಒಳಗೆ ತಳ್ಳುತ್ತಿದ್ದ. ತನ್ನ ಕೈಯಾರೆ ಕನ್ನಡಿಯಂತೆ ಬಣ್ಣ ಮಾಡಿದ ಬಾಗಿಲಿನ ಮುಂದೆಯೇ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ಬಾಗಿಲು ತೆರೆಯುತ್ತಿರಲಿಲ್ಲ. ಟ್ರಂಕು ನೆಲಕ್ಕೆ ಕೆರೆದ ಸದ್ದು ಕೇಳಿದಾಗಲೆಲ್ಲ ಅವ್ವ ಅಡುಗೆಮನೆಯಲ್ಲಿ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದಳು. ಗೆದ್ದೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಾರದು. ನನಗಂತೂ ಆ ಸದ್ದಿಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅಳು.

ಮಾರನೆಯ ವರ್ಷವೋ ಏನೋ, ದೊಡ್ಡಪ್ಪ ಬಂದ. ಅಪ್ಪನಿಗಿಂತ ಬಹಳ ದೊಡ್ಡವನು, ಅಪ್ಪ ಅವನೆದುರು ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಹಾಕಿಕೊಂಡು ಮಲಗುವ ಕೋಣೆಯಲ್ಲೇ ನೆಲದ ಮೇಲೆ ಊಟಕ್ಕೆ ಕೂತೆವು, ನಡುಮನೆಯಲ್ಲಿ ಫ್ಯಾನು ಕೆಟ್ಟಿತ್ತು. ದೊಡ್ಡಪ್ಪ ಉಣ್ಣುತ್ತ ಉಣ್ಣುತ್ತ ಕಪಾಟನ್ನು ನೋಡಿದ, ಎಡಗೈ ಚಾಚಿ ಬೆರಳಿನ ಗೆಣ್ಣಿನಿಂದ ಬಡಿದ. ಸಾಗುವಾನಿಯಾ ಎಂದು ಕೇಳಿದ. ಅಪ್ಪ ಅಲ್ಲ ಎಂದ. ಹಾಗಾದರೆ ಮ್ಯಾಲೆ ಬಣ್ಣ ಬಳಿದು ಮುಚ್ಚಿದ್ದೀಯ ಎಂದು ದೊಡ್ಡಪ್ಪ ನಕ್ಕ. ನಗು ಮುಗಿಸಿ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ಸಹಜವಾಗಿ ಕೇಳಿದ.

"ನೀ ಊರಿಗಿ ಬರಾಗ ಇದನ್ನ ಹ್ಯಾಂಗ ತರ್ತಿ?"

ಬಡಿಸುತ್ತಿದ್ದ ಅವ್ವನ ಕೈ ಅಲ್ಲೇ ನಿಂತಿತು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪ ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ಬಾಗಿಲುಗಳನ್ನು ಮೇಲಿಂದ ಕೆಳಗೆ ನೋಡಿದ, ಕಾರ್ಖಾನೆಯಲ್ಲಿ ಮುಗಿಸಿದ ಕೆಲಸ ನೋಡುವ ಹಾಗೆ.

"ತರಾಕ ಬರಂಗಿಲ್ಲಣ್ಣ. ಗ್ವಾಡಿ ಒಡೀಬೇಕಾಗ್ತದ."

"ಮತ್ತ?"

"ಒಡಿಯಂಗಿಲ್ಲ."

ದೊಡ್ಡಪ್ಪ ತಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಇನ್ನೊಂದು ರೊಟ್ಟಿ ಹಾಕು ಎಂದು ಅವ್ವನಿಗೆ ಹೇಳಿದ. ಆಮೇಲೆ ಮಳೆ, ತೊಗರಿ, ಯಾರದೋ ಮದುವೆಯ ಮಾತು. ಸಂಜೆ ಅವನನ್ನು ಬಸ್ಸು ಹತ್ತಿಸಿ ಬಂದ ಅಪ್ಪ ಚಪ್ಪಲಿ ಬಿಟ್ಟು ನೇರ ಕೋಣೆಗೆ ಹೋದ. ಅವ್ವ ಗೋಡೆಯ ಕಡೆ ಮುಖ ಮಾಡಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಅಪ್ಪ ಟ್ರಂಕು ಬಿಚ್ಚಿ, ಎರಡೂ ತೋಳಿನ ತುಂಬ ತನ್ನ ಅಂಗಿ, ಪ್ಯಾಂಟು, ಊರಿನ ಧೋತರ ತುಂಬಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಹೊಸ ಮನೆಗೆ ಬಂದ ನೆಂಟನಂತೆ ಅವಳ ಹಿಂದೆ ನಿಂತುಕೊಂಡ.

"ಇದ್ರಾಗ ನನ್ನ ಖಣ ಯಾವ್ದು?"

ಅವ್ವ ತಿರುಗಲಿಲ್ಲ.

"ನಡುವಿಂದು. ಬಂದ ದಿನದಿಂದ ಖಾಲೀನೇ ಅದರಿ."